ಗ್ರೈಫ್ಸ್‌ವಾಲ್ಡ್‌ನಲ್ಲಿ ಮೂರು ದಿನ ಬಾಲ್ಟಿಕ್ ಸಿನಿಮಾ: ಹನ್ನೊಂದು ತಿಂಗಳ ಓಡಾಟ

ಹೋದ ವಾರ ನಮ್ಮ ಕೊನೆಯ ರಸೀದಿಗೆ ಒಪ್ಪಿಗೆ ಬಂತು. ಅಲ್ಲಿಗೆ ನಮ್ಮ ಬಾಲ್ಟಿಕ್ ಸಿನಿಮಾ ಉತ್ಸವದ ಕೆಲಸ ನಿಜವಾಗಿ ಮುಗಿಯಿತು. ಚಿತ್ರ ತೋರಿಸಿದ್ದು ಮೂರೇ ದಿನ, 2025ರ ನವೆಂಬರ್ 14ರಿಂದ 16. ಅದಕ್ಕೆ ಮುಂಚೆ ಎಂಟು ತಿಂಗಳು ಓಡಾಟ, ಆಮೇಲೆ ಮೂರು ತಿಂಗಳು ಲೆಕ್ಕಪತ್ರ. ತಮ್ಮ ಊರಲ್ಲೂ ಇಂಥದ್ದು ಮಾಡಬೇಕು ಅಂತ ಇಬ್ಬರು ಮೂವರು ಕನ್ನಡದ ಗೆಳೆಯರು ನನ್ನನ್ನು ಕೇಳಿದ್ದಾರೆ. ನಾವು ಎಲ್ಲೆಲ್ಲಿ ಎಡವಿದೆವೋ ಅಲ್ಲಿ ಅವರು ಎಡವುವುದು ಬೇಡ. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನಾನಿರುವುದು ಜರ್ಮನಿಯ ಈಶಾನ್ಯ ತುದಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ. ಬಾಲ್ಟಿಕ್ ಸಮುದ್ರದ ಪಕ್ಕದ ಸಣ್ಣ ಊರು. ವಿಶ್ವವಿದ್ಯಾಲಯ ಮಾತ್ರ 1456ರದ್ದು. ನಾನು ಇಲ್ಲಿ ಪ್ಲಾಸ್ಮಾ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಸಿನಿಮಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಇದೇ ವಿಶ್ವವಿದ್ಯಾಲಯದಲ್ಲಿ ಲಾಟ್ವಿಯನ್, ಲಿಥುವೇನಿಯನ್ ಭಾಷೆ ಕಲಿಸುವ ಬಾಲ್ಟಿಕ್ ಅಧ್ಯಯನ ವಿಭಾಗ ಇದೆ. ನನ್ನ ಜೊತೆ ಒಂದೇ ಮನೆಯಲ್ಲಿ ಇರುವವರಲ್ಲಿ ಒಬ್ಬಳು ಲಿಥುವೇನಿಯಾದವಳು, ಒಬ್ಬ ಲಾಟ್ವಿಯಾದವನು. ನಾಲ್ಕನೆಯವಳು ಅದೇ ವಿಭಾಗದಲ್ಲಿ ಓದುವ ಜರ್ಮನ್ ಹುಡುಗಿ.

ಎಲ್ಲ ಶುರುವಾಗಿದ್ದು ಮಾರ್ಚ್ ಮೊದಲ ವಾರ. 'ಫ್ಲೋ' ಅನ್ನುವ ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಬಂತು. ಲಾಟ್ವಿಯಾಕ್ಕೆ ಬಂದ ಮೊದಲ ಆಸ್ಕರ್ ಅದು. ಒಂದು ಬೆಕ್ಕು, ಊರೆಲ್ಲ ಮುಳುಗಿಸುವ ನೀರು, ಒಂದೂ ಮಾತಿಲ್ಲ. ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್ ಅದನ್ನು ಮಾಡಿದ್ದು ಬ್ಲೆಂಡರ್ ಅನ್ನುವ, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಾದ ತಂತ್ರಾಂಶದಲ್ಲಿ. ಆ ದಿನ ನಮ್ಮ ಲಾಟ್ವಿಯಾದ ಗೆಳೆಯ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟ. "ನಮ್ಮ ಭಾಷೆಯ ಸಿನಿಮಾ ಇಲ್ಲಿ ಯಾರೂ ನೋಡಿಲ್ಲ, ಈಗಲಾದರೂ ತೋರಿಸೋಣ" ಅಂದ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ಸೇರಿದರೆ ಸುಮಾರು 60 ಲಕ್ಷ ಜನ. ಬೆಂಗಳೂರಿನ ಅರ್ಧವೂ ಇಲ್ಲ. ಅಷ್ಟು ಜನರಿಗಾಗಿ ಮೂರು ಭಾಷೆಯಲ್ಲಿ ಸಿನಿಮಾ ಮಾಡುತ್ತಲೇ ಬಂದಿದ್ದಾರೆ. ನಮ್ಮಪ್ಪ ಹೆಗ್ಗೋಡಿನ ನೀನಾಸಮ್ ಚಿತ್ರಸಮಾಜದಲ್ಲಿ ನೋಡಿದ ಪರದೇಶದ ಚಿತ್ರಗಳ ಕಥೆಯನ್ನು ನಮಗೆ ಊಟದ ಹೊತ್ತಿಗೆ ಹೇಳುತ್ತಿದ್ದರು. ಅಡಿಕೆ ತೋಟದ ನಡುವೆ ಅದು ಆಗಿತ್ತಲ್ಲ, ಇಲ್ಲಿ ಯಾಕೆ ಆಗಬಾರದು ಅನ್ನಿಸಿತು. ನಾನೂ ಸೇರಿಕೊಂಡೆ.

ಮೊದಲ ಕೆಲಸ ಹಕ್ಕು ಕೇಳುವುದು. ಸಿನಿಮಾದ ಡಿವಿಡಿ ನಮ್ಮ ಹತ್ತಿರ ಇದ್ದ ಮಾತ್ರಕ್ಕೆ ಹತ್ತು ಜನರ ಮುಂದೆ ತೋರಿಸುವ ಹಾಗಿಲ್ಲ. ಟಿಕೆಟ್ ಇಡದಿದ್ದರೂ ಅನುಮತಿ ಬೇಕು. ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲದಿದ್ದರೆ ಆಯಾ ದೇಶದ ಚಲನಚಿತ್ರ ಸಂಸ್ಥೆಗೆ ಬರೆಯಿರಿ. ಎಸ್ಟೋನಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಲಾಟ್ವಿಯಾದ ನ್ಯಾಷನಲ್ ಫಿಲ್ಮ್ ಸೆಂಟರ್, ಲಿಥುವೇನಿಯನ್ ಫಿಲ್ಮ್ ಸೆಂಟರ್. ತಮ್ಮ ದೇಶದ ಸಿನಿಮಾ ಹೊರಗೆ ಹೋಗಲಿ ಅನ್ನುವುದು ಅವುಗಳ ಕೆಲಸವೇ. ಯಾವ ಚಿತ್ರದ ಹಕ್ಕು ಯಾರ ಹತ್ತಿರ ಇದೆ ಅನ್ನುವುದು ಅಲ್ಲಿಂದ ತಿಳಿಯುತ್ತದೆ. ಪತ್ರದಲ್ಲಿ ಐದು ವಿಷಯ ಮೊದಲೇ ಬರೆದುಬಿಡಿ: ತಾರೀಖು, ಊರು, ಎಷ್ಟು ಸೀಟು, ಎಷ್ಟು ಸಲ ತೋರಿಸುತ್ತೀರಿ, ಟಿಕೆಟ್ ಎಷ್ಟು. ನಾವು ಮೊದಲ ಪತ್ರದಲ್ಲಿ ಸುಮ್ನೆ ನಮ್ಮ ಪ್ರೀತಿ ಎಲ್ಲ ಬರೆದು ಇವನ್ನು ಬಿಟ್ಟಿದ್ದೆವು. ಹಾಗಾಗಿ ಪ್ರತಿ ಪತ್ರಕ್ಕೂ ಇನ್ನೊಂದು ಸುತ್ತು ಓಡಾಟ, ಒಟ್ಟು ಮೂರು ವಾರ ಹೋಯಿತು.

ಆಮೇಲೆ ನಾವು ಊಹಿಸದ ಒಂದು ತೊಡಕು ಬಂತು. ಹೊಸ ಎಸ್ಟೋನಿಯನ್ ಚಿತ್ರವೊಂದಕ್ಕೆ ಅದನ್ನು ಮಾಡಿದ ಕಂಪನಿಯಿಂದಲೇ ಒಪ್ಪಿಗೆ ಸಿಕ್ಕಿತ್ತು. ಕುಣಿದಾಡಿದೆವು. ಹತ್ತು ದಿನ ಬಿಟ್ಟು ಅವರೇ ಮತ್ತೆ ಬರೆದರು: ಜರ್ಮನಿಯ ಹಕ್ಕು ಇಲ್ಲಿನ ಒಬ್ಬ ವಿತರಕರಿಗೆ ಮಾರಿಯಾಗಿದೆ, ಅವರನ್ನೇ ಕೇಳಬೇಕು. ಹಕ್ಕು ದೇಶ ದೇಶಕ್ಕೆ ಬೇರೆ ಬೇರೆಯಾಗಿ ಮಾರಾಟವಾಗುತ್ತದೆ. ಆ ವಿತರಕರು ಎರಡು ತಿಂಗಳು ಉತ್ತರವನ್ನೇ ಕೊಡಲಿಲ್ಲ. ಜುಲೈನಲ್ಲಿ ಫೋನ್ ಮಾಡಿದಾಗ ಐದೇ ನಿಮಿಷದಲ್ಲಿ ಆಯಿತು. ಅದಕ್ಕೆ ನನ್ನ ಮಾತು, ಎರಡು ಪತ್ರಕ್ಕೆ ಉತ್ತರ ಬರದಿದ್ದರೆ ಫೋನ್ ಮಾಡಿ. ಪರಭಾಷೆಯಲ್ಲಿ ಫೋನ್‌ನಲ್ಲಿ ಮಾತಾಡಲು ನನಗೆ ಭಯ ಇತ್ತು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿದೆ. 'ಫ್ಲೋ' ಮಾತ್ರ ನಾವು ಕೈಬಿಟ್ಟೆವು. ಅದಕ್ಕೆ ಆಗಲೇ ಇಲ್ಲಿ ವಿತರಕರಿದ್ದರು, ಚಿತ್ರಮಂದಿರಗಳಲ್ಲೂ ಓಡಿತ್ತು. ನಾವು ತೋರಿಸಬೇಕಾದ್ದು ಇನ್ನೂ ಯಾರೂ ತೋರಿಸದ ಚಿತ್ರ ಅಂತ ತೀರ್ಮಾನಿಸಿದೆವು.

ಇನ್ನು ದುಡ್ಡು. ಸಂಸ್ಕೃತಿ ಕಾರ್ಯಕ್ರಮಗಳಿಗೆ ಸಹಾಯಧನ ಕೊಡುವ ಒಂದು ಕಚೇರಿಗೆ ಮೇ ತಿಂಗಳಲ್ಲಿ ಅರ್ಜಿ ಹಾಕಿದೆವು. 1500 ಯೂರೋ ಕೇಳಿದ್ದೆವು. ಜೂನ್ ಕೊನೆಗೆ ಉತ್ತರ ಅಂದಿದ್ದರು, ಬಂದಿದ್ದು ಸೆಪ್ಟೆಂಬರ್ 9ಕ್ಕೆ. ಆ ದಿನಗಳಲ್ಲಿ ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಹಾಲ್‌ಗೆ ಮಾತು ಕೊಟ್ಟಾಗಿತ್ತು, ದುಡ್ಡು ಬರದಿದ್ದರೆ ನಾಲ್ಕು ಜನ ವಿದ್ಯಾರ್ಥಿಗಳು ಎಲ್ಲಿಂದ ತರುವುದು? ಒಂದು ರಾತ್ರಿ ಲಿಥುವೇನಿಯಾದ ಗೆಳತಿ ತನ್ನಜ್ಜಿ ಹೇಳುವ ಗಾದೆ ಹೇಳಿದಳು: ದಿಯೆವಾಸ್ ದಾವೇ ದಾಂತಿಸ್, ದುವೋಸ್ ಇರ್ ದುವೋನೋಸ್. ದೇವರು ಹಲ್ಲು ಕೊಟ್ಟ, ರೊಟ್ಟಿಯನ್ನೂ ಕೊಡುತ್ತಾನೆ. ನಾನು ಎದ್ದು ಕೂತೆ. ದಿಯೆವಾಸ್ ನಮ್ಮ ದೇವ, ದಾಂತಿಸ್ ನಮ್ಮ ದಂತ! ಗಾದೆಯೂ ನಮ್ಮದೇ, ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನಾ ಅಂತೇವಲ್ಲ, ಅದೇ.

ಸಹಾಯಧನದ ಬಗ್ಗೆ ಎರಡು ಮಾತು ದಯವಿಟ್ಟು ನೆನಪಿಡಿ. ಒಂದು, ಮಂಜೂರಾತಿ ಪತ್ರ ಕೈಗೆ ಬರುವ ಮುಂಚೆ ಒಂದು ಪೈಸೆಯನ್ನೂ ಖರ್ಚು ಮಾಡಬೇಡಿ, ಯಾವ ಆರ್ಡರನ್ನೂ ಕೊಡಬೇಡಿ. ನಾವು ತಡವಾಗುತ್ತದೆ ಅಂತ ಆಗಸ್ಟ್‌ನಲ್ಲೇ ಪೋಸ್ಟರ್ ಅಚ್ಚು ಹಾಕಿಸಿದೆವು. 210 ಯೂರೋ. ಬಿಲ್ಲಿನ ತಾರೀಖು ಮಂಜೂರಾತಿಗಿಂತ ಹಿಂದಿನದು, ಆ ಖರ್ಚು ಲೆಕ್ಕಕ್ಕೇ ಬರಲಿಲ್ಲ. ಮೊದಲೇ ಶುರು ಮಾಡಲೇಬೇಕಿದ್ದರೆ ಅದಕ್ಕೆ ಬೇರೆ ಅನುಮತಿ ಕೇಳಲು ಅವಕಾಶ ಇದೆ, ಅರ್ಜಿಯ ಜೊತೆಗೇ ಕೇಳಿ. ಎರಡು, ನಮ್ಮ ಸಹಾಯಧನ ಕೊರತೆ ತುಂಬುವ ಬಗೆಯದ್ದು. ಒಪ್ಪಿದ ಖರ್ಚಿನಲ್ಲಿ ಟಿಕೆಟ್ ಹಣ ಕಳೆದು ಎಷ್ಟು ಕಡಿಮೆ ಬೀಳುತ್ತದೋ ಅಷ್ಟೇ ಕೊಡುತ್ತಾರೆ. ಟಿಕೆಟ್ ಜಾಸ್ತಿ ಮಾರಿದರೆ ಅವರ ಪಾಲು ಕಡಿಮೆಯಾಗುತ್ತದೆ, ನಮಗೆ ಉಳಿಯುವುದಿಲ್ಲ.

ಮಕ್ಕಳ ಪ್ರದರ್ಶನದ ವಿಷಯದಲ್ಲಿ ನನಗೆ ಈಗಲೂ ಬೇಜಾರಿದೆ. ಟಾಲಿನ್‌ನಲ್ಲಿ ನುಕುಫಿಲ್ಮ್ ಅಂತ ಬೊಂಬೆ ಚಿತ್ರಗಳ ಸ್ಟುಡಿಯೋ ಇದೆ. ಅದರ ಬೇರು 1957ರದ್ದು. ಬೊಂಬೆಯನ್ನು ಕೂದಲೆಳೆಯಷ್ಟು ಕದಲಿಸುತ್ತಾ ಒಂದೊಂದೇ ಚೌಕಟ್ಟು ಹಿಡಿದು ಮಾಡುವ ಕೆಲಸ. ಅಂಥ ಕಿರುಚಿತ್ರಗಳನ್ನು ಭಾನುವಾರ ಮಧ್ಯಾಹ್ನ ಊರಿನ ಮಕ್ಕಳಿಗೆ ತೋರಿಸುವ ಆಸೆ ಇತ್ತು. ಪೋಸ್ಟರ್‌ನಲ್ಲಿ "ಮಕ್ಕಳಿಗೆ ಸ್ವಾಗತ" ಅಂತ ಹಾಕಿಯೂ ಆಗಿತ್ತು. ಆದರೆ ಜರ್ಮನಿಯಲ್ಲಿ ಚಿತ್ರಮಂದಿರಕ್ಕೆ ಮಕ್ಕಳನ್ನು ಬಿಡಬೇಕಾದರೆ ಚಿತ್ರಕ್ಕೆ ಎಫ್‌ಎಸ್‌ಕೆ ಅನ್ನುವ ವಯಸ್ಸಿನ ಗುರುತು ಇರಬೇಕು. ಅದಿಲ್ಲದ ಚಿತ್ರ, ಒಳಗಿರುವುದು ಬರೀ ಬೊಂಬೆಯಾದರೂ, 18 ತುಂಬಿದವರಿಗೆ ಮಾತ್ರ. ನಾವು ಆರಿಸಿದ ಕಿರುಚಿತ್ರಗಳಿಗೆ ಅದು ಇರಲಿಲ್ಲ. ಗುರುತು ಪಡೆಯಲು ಶುಲ್ಕ ಬೇರೆ, ಸಮಯ ಬೇರೆ. ಅಕ್ಟೋಬರ್‌ನಲ್ಲಿ ಇದು ಗೊತ್ತಾದಾಗ ಕೈಯಿಂದಲೇ ಪೋಸ್ಟರ್‌ಗಳ ಮೇಲೆ ಚೀಟಿ ಅಂಟಿಸಿದೆವು. ಪ್ರದರ್ಶನದ ದಿನ ಬಾಗಿಲಲ್ಲಿ ಒಬ್ಬ ಅಮ್ಮ ಆರು ವರ್ಷದ ಮಗನ ಕೈಹಿಡಿದು ಬಂದಿದ್ದರು. ಅವರನ್ನು ವಾಪಸ್ ಕಳಿಸಿದ್ದು ನಾನೇ. ಮಕ್ಕಳ ಚಿತ್ರ ಯೋಚಿಸುತ್ತಿದ್ದರೆ ಆರಿಸುವ ದಿನವೇ ಎಫ್‌ಎಸ್‌ಕೆ ನೋಡಿಕೊಳ್ಳಿ.

ಈಗ ಸಬ್‌ಟೈಟಲ್. ನಾನು ಮತ್ತೊಮ್ಮೆ ಇಂಥ ಉತ್ಸವ ಮಾಡಿದರೆ ಚಿತ್ರಗಳ ಪಟ್ಟಿಗಿಂತ ಮೊದಲು ಸಬ್‌ಟೈಟಲ್ ಪಟ್ಟಿ ಮಾಡುತ್ತೇನೆ. ಜರ್ಮನ್ ಕಾರ್ಯಕ್ರಮ ಪಟ್ಟಿಗಳಲ್ಲಿ ಓಎಂಯು ಅಂತ ಇದ್ದರೆ ಮೂಲ ಭಾಷೆ, ಜರ್ಮನ್ ಸಬ್‌ಟೈಟಲ್. ನಡುವೆ ಒಂದು ಇ ಸೇರಿ ಓಎಂಇಯು ಆದರೆ ಸಬ್‌ಟೈಟಲ್ ಇಂಗ್ಲಿಷಿನದು. ನಮ್ಮ ಊರಲ್ಲಿ ವಯಸ್ಸಾದ ಪ್ರೇಕ್ಷಕರು ಜಾಸ್ತಿ, ಅವರಿಗೆ ಇಂಗ್ಲಿಷ್ ಓದುವುದು ಕಷ್ಟ. ಹೊಸ ಚಿತ್ರಗಳಿಗೆ ಜರ್ಮನ್ ಸಿಕ್ಕಿತು. 1980ರ ದಶಕದ ಒಂದು ಲಿಥುವೇನಿಯನ್ ಚಿತ್ರಕ್ಕೆ ಮಾತ್ರ ಇಂಗ್ಲಿಷ್ ಬಿಟ್ಟು ಬೇರೆ ಇರಲಿಲ್ಲ. ಅದರಲ್ಲೂ ನಮಗೆ ಮೊದಲು ನೋಡಲು ಕಳಿಸಿದ್ದು ರಷ್ಯನ್ ಮಾತು ಕೂರಿಸಿದ ಪ್ರತಿ. ಸೋವಿಯತ್ ಕಾಲದಲ್ಲಿ ಒಕ್ಕೂಟದ ಬೇರೆ ಕಡೆ ಬಿಡುಗಡೆ ಮಾಡಲು ಹೀಗೆ ರಷ್ಯನ್‌ಗೆ ಡಬ್ ಮಾಡುತ್ತಿದ್ದರು. ನೋಡುತ್ತಾ ನೋಡುತ್ತಾ ಗೆಳತಿಯ ಮುಖ ಸಪ್ಪಗಾಯಿತು. "ಇದು ನಮ್ಮ ಊರಿನವರ ಬಾಯಿ, ಮಾತು ಮಾತ್ರ ನಮ್ಮದಲ್ಲ" ಅಂದಳು. ಹಳೆಯ ಚಿತ್ರ ಕೇಳುವಾಗ ಮೂಲ ಭಾಷೆಯ ಧ್ವನಿ ಇರುವ ಪ್ರತಿಯೇ ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ.

ಜರ್ಮನ್ ಸಬ್‌ಟೈಟಲ್ ನಾವೇ ಮಾಡಿದೆವು. 812 ತುಣುಕು, ಇಡೀ ಬೇಸಿಗೆ ಹಿಡಿಯಿತು. ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ ಹೆಚ್ಚೆಂದರೆ 42 ಅಕ್ಷರ. ಪಾತ್ರ ಬೇಗ ಮಾತಾಡಿದಷ್ಟೂ ನಾವು ಕಡಿಮೆ ಬರೆಯಬೇಕು, ಯಾಕಂದರೆ ಓದುವ ಕಣ್ಣಿಗೆ ಹೊತ್ತು ಬೇಕು. ಒಬ್ಬ ಅನುವಾದಕರಿಗೆ ದುಡ್ಡು ಕೊಟ್ಟು ತಿದ್ದಿಸಿದೆವು, ಅದು ಒಳ್ಳೆಯ ಖರ್ಚು. ಒಂದು ಸಂಜೆ ಫೈಲ್ ತೆರೆದರೆ ಲಿಥುವೇನಿಯನ್ ಹೆಸರುಗಳೆಲ್ಲ ಚೌಕದ ಡಬ್ಬಿಯಾಗಿದ್ದವು. ಹಳೇ ನುಡಿ, ಬರಹ ಫೈಲನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದ ಕನ್ನಡದವರಿಗೆ ಈ ನೋಟ ಹೊಸದಲ್ಲ. ನಾನು ತಕ್ಷಣ ಯೂನಿಕೋಡ್‌ಗೆ, ಅಂದರೆ ಯುಟಿಎಫ್-8ಕ್ಕೆ, ಬದಲಿಸಿ ಉಳಿಸಿದೆ.

ಆ ಚಿತ್ರಕ್ಕೆ ಸಬ್‌ಟೈಟಲ್ ಅಂಟಿಸುವ ಬದಲು ತೆರೆಯ ಕೆಳಗೆ ಬೇರೆ ಪಟ್ಟಿ ಕಟ್ಟಿ, ಬಾಡಿಗೆಯ ಸಣ್ಣ ಪ್ರೊಜೆಕ್ಟರ್‌ನಿಂದ ಬಿಡುವುದು ಅಂತಾಯಿತು. ಅಕ್ಟೋಬರ್ ಕೊನೆಯಲ್ಲಿ ಚಿತ್ರಮಂದಿರದಲ್ಲಿ ಹಾಕಿ ನೋಡಿದೆವು. ಐದು ನಿಮಿಷಕ್ಕೇ ಅಕ್ಷರ 12 ಸೆಕೆಂಡು ಮುಂದೆ ಓಡಿತ್ತು. ಪಾತ್ರ ಬಾಗಿಲು ತಟ್ಟುವ ಮೊದಲೇ ಒಳಗಿನವರ ಉತ್ತರ! ಕಾರಣ ಹುಡುಕಲು ಒಂದು ಇಡೀ ದಿನ ಬೇಕಾಯಿತು. ನಾವು ಸಮಯ ಗುರುತು ಹಾಕಿದ್ದ ವಿಡಿಯೋ ಸೆಕೆಂಡಿಗೆ 25 ಚೌಕಟ್ಟಿನದು, ಚಿತ್ರಮಂದಿರದ ಪ್ರತಿ 24ರದ್ದು. ಶೇ 4ರಷ್ಟು ವ್ಯತ್ಯಾಸ, ಚಿತ್ರ ಮುಂದೆ ಹೋದಷ್ಟೂ ಬೆಳೆಯುತ್ತದೆ. ಸಬ್‌ಟೈಟಲ್ ತಂತ್ರಾಂಶದಲ್ಲಿ ಒಂದು ನಿಮಿಷದಲ್ಲಿ ಸರಿಮಾಡಬಹುದು. ಆದರೂ ಪ್ರೊಜೆಕ್ಟರ್ ನಡೆಸುವ ಹಿರಿಯರು ಒಂದು ಬುದ್ಧಿಮಾತು ಹೇಳಿದರು: "ಗಡಿಯಾರ ನಂಬಬೇಡಿ, ಮಾತು ಕೇಳುತ್ತಾ ಒಂದೊಂದು ಸಾಲನ್ನೂ ಕೈಯಿಂದಲೇ ಗುಂಡಿ ಒತ್ತಿ ಬಿಡಿ." ದೊಡ್ಡ ಉತ್ಸವಗಳಲ್ಲೂ ಹೀಗೆ ಕೂತು ಒತ್ತುವವರು ಇರುತ್ತಾರಂತೆ.

ಒತ್ತುವುದು ಗೆಳತಿ ಅಂತ ನಿರ್ಧಾರವಾಯಿತು. ನಾನು ಪಕ್ಕದಲ್ಲಿ ಅಚ್ಚಾದ ಪ್ರತಿ ಹಿಡಿದು ಕೂರುವವನು. ಹಾಗೆ ಆರು ಸಲ ಅಭ್ಯಾಸ ಮಾಡಿದೆವು. ಭಾಷೆ ಗೊತ್ತಿಲ್ಲದ ನನ್ನ ಕಿವಿ ನಿಧಾನಕ್ಕೆ ತೆರೆಯಿತು. ಉಗ್ನಿಸ್ ಅಂದರೆ ಬೆಂಕಿ, ಅಗ್ನಿಯ ನೆಂಟ. ಮೆದುಸ್ ಜೇನು, ನಮ್ಮ ಮಧು. ವೀರಸ್ ಗಂಡಸು. ದು, ತ್ರೀಸ್ ಎರಡು, ಮೂರು. ಸಂಸ್ಕೃತದಿಂದ ಬಂದು ಕನ್ನಡದಲ್ಲಿ ಉಳಿದ ಮಾತುಗಳು ಇಷ್ಟು ದೂರದಲ್ಲಿ ನನ್ನ ಕೈಹಿಡಿದವು. ಎಸ್ಟೋನಿಯನ್ ಹಾಗಲ್ಲ, ಅದು ಬೇರೆಯೇ ಕುಟುಂಬದ ಭಾಷೆ, ಪದ ಒಂದೂ ಗುರುತು ಸಿಗುವುದಿಲ್ಲ. ಆದರೆ ಮಾಯಾ ಅಂದರೆ ಮನೆ, ಮಾಯಾಸ್ ಮನೆಯಲ್ಲಿ, ಮಾಯಾಸ್ತ್ ಮನೆಯಿಂದ. ಪದದ ಬಾಲಕ್ಕೆ ವಿಭಕ್ತಿ ಅಂಟಿಸುವ ರೀತಿ ನಮ್ಮದೇ ಅಲ್ವಾ?

ಉತ್ಸವಕ್ಕೆ ಎರಡು ದಿನ ಇರುವಾಗ, ಬುಧವಾರ, ಗೆಳತಿಗೆ ಜ್ವರ ಬಂತು. 39 ಡಿಗ್ರಿ.

ಗುರುವಾರ ಎಲ್ಲ ಚಿತ್ರಗಳ ಕೊನೆಯ ಪರೀಕ್ಷೆ. ಇಲ್ಲಿ ಡಿಸಿಪಿ ಬಗ್ಗೆ ಸ್ವಲ್ಪ ಹೇಳಬೇಕು. ಚಿತ್ರಮಂದಿರಕ್ಕೆ ಸಿನಿಮಾ ಬರುವುದು ಡಿಸಿಪಿ ಅನ್ನುವ ರೂಪದಲ್ಲಿ, ಹಾರ್ಡ್ ಡಿಸ್ಕ್‌ನಲ್ಲಿ ಅಥವಾ ಇಂಟರ್‌ನೆಟ್ ಮೂಲಕ. ನೂರಾರು ಜಿಬಿ ಇರಬಹುದು. ಡಿಸ್ಕ್ ಸಾಮಾನ್ಯವಾಗಿ ಲಿನಕ್ಸ್ ಮಾದರಿಯದು, ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿದರೆ ಖಾಲಿ ಅಂತ ತೋರಿಸಿ ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತದೆ. ಅಪ್ಪಿತಪ್ಪಿಯೂ ಒಪ್ಪಬೇಡಿ. ಹೊಸ ಚಿತ್ರಗಳಿಗೆ ಬೀಗ ಹಾಕಿರುತ್ತಾರೆ. ಅದನ್ನು ತೆರೆಯುವ ಕೀಲಿ ಕೆಡಿಎಂ. ಆ ಕೀಲಿ ಒಂದೇ ಒಂದು ಸರ್ವರ್‌ಗೆ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಅಂತ ಮಾಡಿರುತ್ತದೆ.

ಶನಿವಾರದ ಎಸ್ಟೋನಿಯನ್ ಚಿತ್ರ ತೆರೆಯಲೇ ಇಲ್ಲ. ಚಿತ್ರಮಂದಿರದ ಸರ್ವರ್‌ನ ಒಳಗಿನ ಮುಖ್ಯ ಭಾಗವನ್ನು ಬೇಸಿಗೆಯಲ್ಲಿ ಬದಲಿಸಿದ್ದರು. ಕೀಲಿ ಮಾಡಲು ಆ ಸರ್ವರ್‌ನ ಗುರುತುಪತ್ರ, ಅಂದರೆ ಸರ್ಟಿಫಿಕೇಟ್, ಬೇಕು. ನಾವು ಮೇ ತಿಂಗಳಲ್ಲಿ ಕಳಿಸಿದ್ದು ಹಳೆಯದು. ಬಂದ ಕೀಲಿ ಈಗ ಇಲ್ಲದ ಯಂತ್ರದ್ದು! ಹೊಸ ಕೀಲಿ ಕೇಳಲು ಟಾಲಿನ್‌ಗೆ ಫೋನ್ ಮಾಡಿದಾಗ ನಮ್ಮ ಗಡಿಯಾರದಲ್ಲಿ ನಾಲ್ಕೂಕಾಲು. ಅಲ್ಲಿ ಒಂದು ಗಂಟೆ ಮುಂದೆ, ಕಚೇರಿ ಮುಚ್ಚಿತ್ತು. ಆ ರಾತ್ರಿ ನಾನು ಒಂದು ಕಡೆ ಗೆಳತಿಗೆ ಗಂಜಿ ಮಾಡಿಕೊಟ್ಟೆ, ಇನ್ನೊಂದು ಕಡೆ 812 ತುಣುಕನ್ನೂ ಇನ್ನೊಮ್ಮೆ ಒತ್ತಿ ಅಭ್ಯಾಸ ಮಾಡಿದೆ. ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಹೊಸ ಕೀಲಿ ಬಂತು. ಆದರೆ ಅದರ ಅವಧಿ ಶನಿವಾರ ಸಂಜೆ ಆರಕ್ಕೆ ಶುರು. ಪರೀಕ್ಷೆಗೆ ಹೊತ್ತೇ ಇಲ್ಲ. ನೀವು ಕೇಳುವಾಗ ಪ್ರದರ್ಶನಕ್ಕೆ ಎರಡು ದಿನ ಮುಂಚಿನಿಂದ, ಮುಗಿದ ಮಾರನೆಯ ದಿನದವರೆಗೆ ಕೀಲಿ ಕೇಳಿ. ಯಾವ ದೇಶದ ಸಮಯ ಅನ್ನುವುದನ್ನೂ ಬರೆಯಿರಿ. ಸರ್ಟಿಫಿಕೇಟನ್ನು ಕೊನೆಯ ತಿಂಗಳಲ್ಲಿ ಇನ್ನೊಮ್ಮೆ ಕೇಳಿ ಪಡೆಯಿರಿ.

ಶುಕ್ರವಾರ ಸಂಜೆ 84 ಸೀಟಿನ ಹಾಲ್‌ಗೆ 52 ಜನ ಬಂದರು. ಮೊದಲು ತೋರಿಸಿದ್ದು ಲಾಟ್ವಿಯಾದ ಹೆರ್ಟ್ಸ್ ಫ್ರಾಂಕ್ 1978ರಲ್ಲಿ ಮಾಡಿದ 'ಟೆನ್ ಮಿನಿಟ್ಸ್ ಓಲ್ಡರ್'. ಬೊಂಬೆಯಾಟ ನೋಡುತ್ತಿರುವ ಒಂದು ಪುಟ್ಟ ಮಗುವಿನ ಮುಖ, ಹತ್ತು ನಿಮಿಷ, ಕ್ಯಾಮೆರಾ ನಿಲ್ಲುವುದೇ ಇಲ್ಲ. ಬೊಂಬೆಯಾಟ ನಮಗೆ ಕಾಣುವುದೇ ಇಲ್ಲ. ಭಯ, ಸಂತೋಷ, ಅಳು ಎಲ್ಲ ಆ ಮುಖದ ಮೇಲೆಯೇ ಬಂದು ಹೋಗುತ್ತದೆ. ಕ್ಯಾಮೆರಾ ಹಿಡಿದವರು ಯೂರಿಸ್ ಪೊಡ್ನಿಯೆಕ್ಸ್. ಮಾತಿಲ್ಲದ ಚಿತ್ರ, ಸಬ್‌ಟೈಟಲ್ ಬೇಡ. ಉತ್ಸವದ ಬಾಗಿಲು ತೆರೆಯಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಆಮೇಲೆ ನನ್ನ ಸರದಿ. ಬೆರಳು ತಣ್ಣಗಾಗಿತ್ತು. ಮೊದಲ ನೂರು ತುಣುಕು ಉಸಿರು ಬಿಗಿಹಿಡಿದೇ ಒತ್ತಿದೆ. ಒಂದು ಕಡೆ ಇಬ್ಬರು ಒಟ್ಟಿಗೆ ಮಾತಾಡುವಾಗ ಎರಡು ತುಣುಕು ತಪ್ಪಿದವು. ಕಾಗದದ ಪ್ರತಿ ನೋಡಿ ಮತ್ತೆ ಹಿಡಿದುಕೊಂಡೆ. ಮುಕ್ಕಾಲು ಭಾಗ ದಾಟಿದಾಗ ಹಾಲ್‌ನಲ್ಲಿ ಎಲ್ಲರೂ ಒಮ್ಮೆಲೇ ನಕ್ಕರು. ಮುಂದಿನ ಸಾಲಿನಲ್ಲಿ ವಯಸ್ಸಾದ ಲಿಥುವೇನಿಯನ್ ಹೆಂಗಸೊಬ್ಬರು ತಮ್ಮ ಜರ್ಮನ್ ನೆರೆಯವರ ಜೊತೆ ಬಂದಿದ್ದರು. ಅವರು ಮಾತು ಕೇಳಿ ನಕ್ಕರು, ನೆರೆಯವರು ಸಾಲು ಓದಿ ನಕ್ಕರು. ಎರಡೂ ನಗು ಒಂದೇ ಗಳಿಗೆಯಲ್ಲಿ ಬಂತು. ಬೇಸಿಗೆಯ ಅಷ್ಟೂ ಸಂಜೆಗಳು ನನಗೆ ಆ ಗಳಿಗೆಯಲ್ಲಿ ವಾಪಸ್ ಸಿಕ್ಕವು. ಚಿತ್ರ ಮುಗಿದ ಮೇಲೆ ಆ ಹೆಂಗಸು ಬಂದು ನನ್ನ ಹತ್ತಿರ ಲಿಥುವೇನಿಯನ್‌ನಲ್ಲಿ ಏನೋ ಹೇಳಿದರು. ಆಚೂ ಅನ್ನುವುದು ಮಾತ್ರ ತಿಳಿಯಿತು. ಅಂದರೆ ಧನ್ಯವಾದ.

ಶನಿವಾರ ಮಧ್ಯಾಹ್ನದ ಸಾಕ್ಷ್ಯಚಿತ್ರಕ್ಕೆ 21 ಜನ, ಸಂಜೆಯ ಎಸ್ಟೋನಿಯನ್ ಚಿತ್ರಕ್ಕೆ 47. ಕೀಲಿ ಆರು ಗಂಟೆಗೆ ಸರಿಯಾಗಿ ತೆರೆಯಿತು. ಭಾನುವಾರ ಬೊಂಬೆ ಚಿತ್ರಗಳಿಗೆ 19, ಕೊನೆಯ ಲಾಟ್ವಿಯನ್ ಚಿತ್ರಕ್ಕೆ 48. ಗೆಳತಿ ಜ್ವರ ಇಳಿದು ಕೊನೆಯ ಸಂಜೆಗೆ ಬಂದಳು.

ಲೆಕ್ಕ ಹೀಗಾಯಿತು. ಐದು ಪ್ರದರ್ಶನದ ಹಕ್ಕಿಗೆ 980 ಯೂರೋ, ಹಾಲ್ ಮತ್ತು ಪ್ರೊಜೆಕ್ಟರ್ ನಡೆಸುವವರಿಗೆ 900, ಸಬ್‌ಟೈಟಲ್ ತಿದ್ದುವವರಿಗೆ ಮತ್ತು ಸಣ್ಣ ಪ್ರೊಜೆಕ್ಟರ್ ಬಾಡಿಗೆಗೆ ಸೇರಿ 390, ಪೋಸ್ಟರ್ 210, ಕೊರಿಯರ್ 94. ಒಟ್ಟು 2574. ಐದು ಯೂರೋದಂತೆ 187 ಟಿಕೆಟ್‌ಗೆ 935 ಬಂತು. ಪೋಸ್ಟರ್ ಬಿಲ್ ತಿರಸ್ಕಾರವಾದ್ದರಿಂದ ಸಹಾಯಧನ 1429 ಸಿಕ್ಕಿತು. ಕಡಿಮೆ ಬಿದ್ದ 210 ಯೂರೋವನ್ನು ನಾವು ನಾಲ್ವರೂ ಕೈಯಿಂದ ಹಾಕಿದೆವು, ತಲಾ 52 ಯೂರೋ 50 ಸೆಂಟ್. ಎಲ್ಲ ಬಿಲ್ಲುಗಳ ಮೂಲ ಪ್ರತಿ ಇಟ್ಟುಕೊಳ್ಳಿ. ಕೊರಿಯರ್‌ನ ಒಂದು ಸಣ್ಣ ರಸೀದಿ ಕಳೆದು, ಅದರ ನಕಲು ತರಿಸಲು ಮೂರು ವಾರ ಕಾದೆವು.

ಡಿಸ್ಕ್‌ಗಳನ್ನು ವಾಪಸ್ ಕಳಿಸುವಾಗ ಲಿಥುವೇನಿಯನ್ ಚಿತ್ರದ ಹಕ್ಕುದಾರರಿಗೆ ನಮ್ಮ ಜರ್ಮನ್ ಸಬ್‌ಟೈಟಲ್ ಫೈಲನ್ನೂ ಕಳಿಸಿದೆವು. ದುಡ್ಡು ಕೇಳಲಿಲ್ಲ. ಜನವರಿಯಲ್ಲಿ ಅವರಿಂದ ಉತ್ತರ ಬಂತು: ಇನ್ನೊಂದು ಜರ್ಮನ್ ಊರಿನವರು ಅದೇ ಚಿತ್ರ ಕೇಳಿದ್ದಾರೆ, ಫೈಲ್ ಕೊಡಬಹುದೇ ಅಂತ. ಕೊಡಿ ಅಂದೆವು. ಜೊತೆಗೆ ಒಂದು ಚೀಟಿಯನ್ನೂ ಇಟ್ಟೆವು: ಇದು 24 ಚೌಕಟ್ಟಿಗೆ ಸರಿಮಾಡಿದ್ದು, ಇಬ್ಬರು ಒಟ್ಟಿಗೆ ಮಾತಾಡುವ ಜಾಗದಲ್ಲಿ ಹುಷಾರು.